ಚಿಲಕದ ಮೇಲಿನ ಕೈ

ನವೆಂಬರ್ ೧೨, ಮಂಗಳವಾರ.

ಆ ಹಳದಿ ಟಿಪ್ಪಣಿ ಇನ್ನೂ ಕಣ್ಣಮುಂದೆಯೇ ಇದೆ.

ಮೊಮ್ಮಗಳ ಕಾಲೇಜಿನ ಸಾಹಿತ್ಯದ ಮಕ್ಕಳೆಲ್ಲ ಸೇರಿ ಕಂಪ್ಯೂಟರಿನಲ್ಲಿ ಒಂದೇ ಕಥೆ ಬರೆಯುತ್ತಿದ್ದಾರೆ. ಒಬ್ಬರು ಬರೆದರೆ ಉಳಿದವರು ತಾವು ತಾವಿದ್ದಲ್ಲಿಂದಲೇ ಅಂಚಿನಲ್ಲಿ ಟಿಪ್ಪಣಿ ಹಾಕುತ್ತಾರೆ. ಸಂತೆಯಲ್ಲಿ ಕಥೆ ಹುಟ್ಟುತ್ತದೆಯೇ ಎಂದು ನಾನು ಹಂಗಿಸಿದ್ದೆ.

ಇವತ್ತು ಸಂಜೆ ಇವಳ ಸರದಿ. ಕಥೆಯಲ್ಲಿ ಮನೆ ಬಿಟ್ಟು ಹೋದ ಮಗಳು ತಿರುಗಿ ಬಂದು ಬಾಗಿಲು ತಟ್ಟಿದ್ದಾಳೆ. "ಅಜ್ಜಿ, ಈಗ ತಾಯಿ ಏನ್ಮಾಡ್ತಾಳೆ ಹೇಳು" ಎಂದಳು.

"ತೆಗೆಯಲ್ಲ. ಹೇಳ್ದೆ ಕೇಳ್ದೆ ಹೋದೋಳಿಗೆ ಬಾಗಿಲು ಯಾಕೆ?"

"ಕೇಳಿದ್ದು ಕಥೆಯಲ್ಲಿರೋ ತಾಯೀನ, ನಿನ್ನನ್ನಲ್ಲ" ಎಂದು ಕೆಣಕಿದರೂ ನಾನು ಹೇಳಿದಂತೆಯೇ ಬರೆದಳು: 'ತಾಯಿ ಎದ್ದು ಬಂದು ಬಾಗಿಲ ಹಿಂದೆ ನಿಂತಳು. ತೆಗೆಯಲಿಲ್ಲ.'

ನೋಡುತ್ತಿದ್ದಂತೆಯೇ ಅಂಚಿನಲ್ಲಿ ಹಳದಿ ಚೌಕವೊಂದು ಮೂಡಿ, ಅಕ್ಷರಗಳು ಒಂದೊಂದಾಗಿ ತಾವೇ ಬಂದು ಕೂತವು: 'ತೆಗೆಯುವುದಿಲ್ಲವೆಂದರೆ ಎದ್ದು ಬಂದದ್ದೇಕೆ? ಅವಳ ಕೈ ಆಗಲೇ ಚಿಲಕದ ಮೇಲಿದೆ.'

ಬರೆದವಳು ಹಾಸ್ಟೆಲಿನ ಹುಡುಗಿಯಂತೆ. ನನ್ನನ್ನು ನೋಡಿಯೇ ಇಲ್ಲ.

"ಅಳಿಸು ಅದನ್ನ" ಎಂದೆ.

"ಒಬ್ಬರು ಬರೆದದ್ದನ್ನ ಇನ್ನೊಬ್ಬರು ಅಳಿಸೋ ಹಾಗಿಲ್ಲ ಅಜ್ಜಿ, ಅದು ನಮ್ಮ ರೂಲು. ಬೇಕಾದ್ರೆ ಪಕ್ಕದಲ್ಲಿ ಉತ್ತರ ಕೊಡು."

ಈ ಮನೆಯಲ್ಲಿ ನನಗೆ ಎದುರಾಡಿದವರಿಲ್ಲ. ಆದರೂ ಇವತ್ತು ನಾನೇ ಎದ್ದು ನನ್ನ ಕೋಣೆಗೆ ಬಂದೆ. ಹೋದ ವರ್ಷ ನನ್ನ ಕಿರಿಮಗಳು ಬಂದು ತಟ್ಟಿದಾಗ, ಅವಳು ಮೆಟ್ಟಿಲಿಳಿದು ಹೋಗುವವರೆಗೂ ಚಿಲಕ ನನ್ನ ಕೈಯಲ್ಲಿ ತಣ್ಣಗಿತ್ತು. ಅದನ್ನು ಯಾರಿಗೂ ಹೇಳಿಲ್ಲ. ಕಾಣದ ಊರಿನ ಕಾಣದ ಮಗುವಿಗೆ ಅದು ಹೇಗೆ ಕಂಡಿತು?

ಚಿಕ್ಕಮ್ಮನ ನಂಬರು ಮೊಮ್ಮಗಳ ಫೋನಿನಲ್ಲಿ ಇದ್ದೇ ಇರುತ್ತದೆ. ಬೆಳಿಗ್ಗೆ ಕೇಳಿದರೆ ಆ ಕಳ್ಳಿ ನಗುತ್ತಾಳೆ. ನಗಲಿ, ನಾನು ಕೇಳಿಯೇ ಕೇಳುತ್ತೇನೆ.