ರೀಗಾದ ಹೊಳೆ

ರೀಗಾ, ಮಾರ್ಚ್ ೨೨

ಅತ್ತೆಯವರಿಗೆ ಸುಪ್ರಿಯಾಳ ನಮಸ್ಕಾರಗಳು.

"ಅವನೇ ಹೌದೇನೇ?" ಎಂದು ನೀವು ಫೋನಿನಲ್ಲಿ ಕೇಳಿದಾಗ ನಾನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ಬರೆದು ಪಕ್ಕದ ಮನೆ ಕಾವ್ಯಾಳ ಮೊಬೈಲಿಗೆ ಕಳಿಸುತ್ತಿದ್ದೇನೆ. ಓದಿಸಿಕೊಳ್ಳಿ.

ಇದು ಬಹಳ ಹಳೆಯ ಊರು. ಕಲ್ಲು ಹಾಸಿದ ಓಣಿಗಳು, ಚರ್ಚಿನ ತುದಿಯಲ್ಲೊಂದು ಚಿನ್ನದ ಬಣ್ಣದ ಹುಂಜ. ನಿಮ್ಮ ಮಗ ಫೋಟೋ ಕಳಿಸಿದ್ದರಲ್ಲ, ಅದೇ. ಹೊಳೆ ಬಹಳ ಅಗಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಬಿಳಿಯ ಬಯಲಿನ ಹಾಗಿತ್ತಂತೆ. ಅವರ ಜೊತೆ ಕೆಲಸಕ್ಕಿದ್ದ ಸಾಗರದ ನಿರಂಜನ ನನ್ನನ್ನು ದಡಕ್ಕೆ ಕರೆದೊಯ್ದ.

"ಸೇತುವೆ ಸುತ್ತಾಗ್ತದೆ ಅಂತ ದಿನಾ ಹಿಂಗೇ ದಾಟ್ತಿದ್ವಿ ಅತ್ತಿಗೆ. ಅವತ್ತು ಅಣ್ಣ ಮುಂದಿದ್ರು, ಕಾಲಡಿ ಮಂಜುಗಡ್ಡೆ ಒಡೀತು" ಎಂದು ಅತ್ತುಬಿಟ್ಟ.

ಹೌದು ಅತ್ತೆ, ಅವರೇ. ಒಂದು ತಿಂಗಳು ನೀರಿನಲ್ಲಿದ್ದ ದೇಹ. ಮುಖ ತೋರಿಸಬೇಡಿ ಎಂದು ನಾನೇ ಹೇಳಿದೆ. ಎಡಗಾಲಿನ ಮೇಲಿದ್ದ ಕತ್ತಿ ಗಾಯದ ಕಲೆ ನೋಡಿ ಗುರುತು ಹೇಳಿದೆ.

ಊರಿಗೆ ತರಬಹುದಿತ್ತು. ಆದರೆ ಪೆಟ್ಟಿಗೆ ಬಂದರೆ ನೀವು ತೆರೆಸದೆ ಬಿಡುವವರಲ್ಲ. ಹಾಗಾಗಿ ಇಲ್ಲೇ ಸುಡಲು ಸಹಿ ಹಾಕಿದೆ. ನಿನ್ನೆ ಮುಗಿಯಿತು.

ಭಾನುವಾರ ಬೂದಿ ತೆಗೆದುಕೊಂಡು ಹೊಸನಗರದಲ್ಲಿ ಇಳಿಯುತ್ತೇನೆ. ಬಸ್‌ಸ್ಟ್ಯಾಂಡಿಗೆ ಮಾವ ಒಬ್ಬರೇ ಬರಲಿ, ಜನ ಬೇಡ. ನಿಮ್ಮನ್ನು ಕೇಳದೆ ಮಾಡಿದ್ದಕ್ಕೆ ಎಷ್ಟು ಬೇಕಾದರೂ ಬೈಯಿರಿ. ನನ್ನ ಜೊತೆ ಮಾತು ಮಾತ್ರ ಬಿಡಬೇಡಿ.

ನಿಮ್ಮ ಸೊಸೆ,
ಸುಪ್ರಿಯಾ