ಇದ್ದವರಿಗೆ ಮಾತ್ರ ಕೊಡಬೇಕು

ಶುಕ್ರವಾರ, ಬೆಳಿಗ್ಗೆ

ರೀ,

ನಿಮಗೆ ಕೇಳಿಸಲಿ ಅಂತಲೇ ಆ ‘ರೀ’ಯನ್ನು ಅಷ್ಟು ದೊಡ್ಡದಾಗಿ ಬರೆದಿದ್ದೇನೆ. ನಗು ಬಂದರೆ ನಗಿ, ಸಿಟ್ಟು ಬಂದರೆ ಬೈಯಿರಿ, ಆದರೆ ಕಾಗದವನ್ನು ಪೂರ್ತಿ ಓದಿ. ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೂ ಕೇಳಿಸುವುದಿಲ್ಲ. ಬುಧವಾರ ಬಂದು ಬಾಗಿಲು ಬಡಿದೆ. ಕೈ ನೋವು ಬಂತು, ಪಕ್ಕದ ಮನೆಯವರೆಲ್ಲ ಹೊರಗೆ ಬಂದರು, ನೀವು ಮಾತ್ರ ಬರಲಿಲ್ಲ. ನಿಮ್ಮ ಅಕ್ಕ ದಿನಾ ಬಾಗಿಲ ಹೊರಗೆ ಹಾಲು, ಬ್ರೆಡ್ಡಿನ ಚೀಲ ಇಟ್ಟು ಮೆಟ್ಟಿಲಿಳಿದ ಮೇಲೆ ಚೀಲ ಒಳಗೆ ಹೋಗುತ್ತದಂತೆ. ಅದಕ್ಕೇ ಇವತ್ತಿನ ಚೀಲದಲ್ಲಿ ಈ ಕಾಗದ ಇಟ್ಟಿದ್ದೇನೆ.

ಸೋಮವಾರದ ವಿಷಯಕ್ಕೆ ಬರುತ್ತೇನೆ. ನೀವು ಅಂಗಡಿಯೊಳಗೆ ಬಂದಾಗ ನಾನು ಒಬ್ಬರಿಗೆ ಗಾಳದ ದಾರ ಅಳೆದು ಕೊಡುತ್ತಿದ್ದೆ. ನಿಮ್ಮನ್ನು ಕಂಡು ನನ್ನ ಎದೆ ಹಿಗ್ಗಿತು, ಸುಳ್ಳು ಯಾಕೆ ಹೇಳಲಿ. ನಾನು ಮನೆ ಬಿಟ್ಟು ಬಂದು ಇಷ್ಟು ದಿನವಾದ ಮೇಲೆ ಕರೆದುಕೊಂಡು ಹೋಗಲು ಬಂದರು ಅಂದುಕೊಂಡೆ. ನೀವು ಗಂಬೂಟು, ಟಾರ್ಚುಗಳನ್ನೆಲ್ಲ ದಾಟಿ ನೆಟ್ಟಗೆ ನಾನಿದ್ದ ಹಿಂದಿನ ಕೌಂಟರಿಗೆ ಬಂದು, ಬಂದೂಕಿನ ಪರವಾನಗಿಯನ್ನು ಗಾಜಿನ ಮೇಲೆ ಇಟ್ಟಿರಿ. ಒಂದು ಪೆಟ್ಟಿಗೆ ತೋಟಾ ಬೇಕು ಅಂದಿರಿ. ಯಾಕೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಬಾತುಕೋಳಿಗೆ ಅಂದಿರಿ.

ಬಾತುಕೋಳಿಗಂತೆ! ಇದು ಬೇಟೆಯ ಕಾಲವಲ್ಲ, ಕೆರೆಯಲ್ಲಿ ಒಂದು ಹಕ್ಕಿ ಇಲ್ಲ. ನಿಮ್ಮಪ್ಪನ ಆ ಬಂದೂಕಿನಿಂದ ಮದುವೆಯಾದ ಮೇಲೆ ನೀವು ಹೊಡೆದದ್ದು ಒಂದೇ ಒಂದು, ಅದೂ ಎದುರು ಮನೆಯವರ ನೀರಿನ ಟ್ಯಾಂಕು. ಹಿಂದಿನ ದಿನ ತಾನೇ ನಿಮ್ಮ ಅಕ್ಕ ಅಳುತ್ತಾ ಬಂದು, ನೀವು ಸ್ಪ್ಯಾನರುಗಳ ಪೆಟ್ಟಿಗೆಯನ್ನು ಯಾರಿಗೋ ಕೊಟ್ಟುಬಿಟ್ಟ ಸುದ್ದಿ ಹೇಳಿದ್ದರು. ನನ್ನನ್ನೇ ಮುಟ್ಟಲು ಬಿಡದಿದ್ದ ಪೆಟ್ಟಿಗೆ ಅದು. ಕಾರ್ಖಾನೆಯ ಬಾಯ್ಲರಿನ ಸದ್ದಿನಲ್ಲಿ ಕಿವಿ ಹೋಯಿತು, ಕಿವಿ ಹೋಯಿತೆಂದು ಕೆಲಸ ಹೋಯಿತು, ಈಗ ಸ್ಪ್ಯಾನರುಗಳೂ ಹೋದವು. ಅದರ ಮರುದಿನವೇ ತೋಟಾ ಬೇಕೆಂದು ಬಂದು ನಿಂತರೆ ಹೆಂಡತಿಯಾದವಳು ಏನು ತಿಳಿಯಬೇಕು?

ಕೊಡುವುದಿಲ್ಲ ಎಂದು ನಾನು ಕೂಗಿದ್ದು ನಿಮಗೆ ಕೇಳಿಸಲಿಲ್ಲ, ಮಿಕ್ಕವರಿಗೆಲ್ಲ ಕೇಳಿಸಿತು. ಆಗಲೇ ಬಂದದ್ದು ನಮ್ಮ ಮ್ಯಾನೇಜರು. ನಾವು ಅವರನ್ನು ಬೆನ್ನ ಹಿಂದೆ ಕಾನೂನಪ್ಪ ಅನ್ನುತ್ತೇವೆ. ಆ ಕೌಂಟರಿನ ಮೇಲೆ ಹಾಕಿರುವ ಬೋರ್ಡು ನೋಡಿದ್ದೀರಲ್ಲ, ‘ಪರವಾನಗಿ ಇದ್ದವರಿಗೆ ಮಾತ್ರ ಕೊಡಬೇಕು’ ಎಂದು. ಹಿಂದೊಮ್ಮೆ ನಮ್ಮ ಕ್ಯಾಷಿಯರ್ ಹುಡುಗಿ ಪರವಾನಗಿ ಇದ್ದ ಒಬ್ಬ ಕುಡುಕ ಗಿರಾಕಿಗೆ ತೋಟಾ ಕೊಡದೆ ಕಳಿಸಿದ್ದಳು. ಅವನು ಮಾಲೀಕರ ಹತ್ತಿರ ಹೋಗಿ ರಂಪ ಮಾಡಿದ. ಅವತ್ತಿನಿಂದ ಕಾನೂನಪ್ಪನಿಗೆ ಆ ಬೋರ್ಡಿನಲ್ಲಿ ಕೊನೆಯ ಪದ ಒಂದೇ ಕಾಣುವುದು.

ಸೋಮವಾರವೂ ಅದನ್ನೇ ಬೆರಳಿಟ್ಟು ತೋರಿಸಿದರು. “ಓದಮ್ಮ. ‘ಕೊಡಬೇಕು’ ಅಂತಿದೆ. ಕೊಡಬಹುದು ಅಂತಿಲ್ಲ. ಕಾಗದ ಸರಿ ಇದ್ಮೇಲೆ ಇಲ್ಲ ಅನ್ನೋಕೆ ನೀನ್ಯಾರು?” ಇವರು ನನ್ನ ಗಂಡ ಅಂದೆ. “ಹಾಗಾದ್ರೆ ಇನ್ನೂ ಒಳ್ಳೇದಾಯ್ತು, ಗುರುತು ಕೇಳೋ ಕೆಲಸಾನೂ ತಪ್ತು” ಅಂದರು! ಇವರಿಗೆ ಮನಸ್ಸು ಸರಿಯಿಲ್ಲ, ನನಗೆ ಭಯವಾಗುತ್ತಿದೆ ಅಂದೆ. ಮನಸ್ಸಿನ ವಿಚಾರ ಬೋರ್ಡಿನಲ್ಲಿ ಬರೆದಿಲ್ಲ ಅಂದರು. ಕ್ಯಾಷಿಯರ್ ಹುಡುಗಿಯ ಮುಖ ನೋಡಿದೆ. ಅವಳು ಆಗಲೇ ಒಂದು ಸಲ ಬೈಸಿಕೊಂಡವಳು, ಪಾಪ, ಬಿಲ್ಲಿನ ಯಂತ್ರದ ಕಡೆ ತಿರುಗಿಕೊಂಡಳು. ನೀನು ಕೊಡದಿದ್ದರೆ ನಾನೇ ಕೊಡುತ್ತೇನೆ ಎಂದು ಕಾನೂನಪ್ಪ ಕೀಲಿಗೆ ಕೈಚಾಚಿದರು. ಆಗ ನಾನೇ ಕಪಾಟು ತೆಗೆದೆ, ನನ್ನ ಕೈಯಾರೆ ಪೆಟ್ಟಿಗೆ ತೆಗೆದು ಕಾಗದದಲ್ಲಿ ಸುತ್ತಿ ನಿಮ್ಮ ಕೈಗೆ ಕೊಟ್ಟೆ.

ನಿನ್ನೆ ದಾಸ್ತಾನು ನೋಡುವ ಸರ್ಕಾರದ ಅಧಿಕಾರಿ ಬಂದಿದ್ದರು. ಇದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಆ ಬೋರ್ಡಿನ ಅರ್ಥ ಕೇಳಿಯೇಬಿಟ್ಟೆ. ಅವರು ನಕ್ಕರು. “‘ಮಾತ್ರ’ ಅನ್ನೋದನ್ನ ಓದ್ರೀ. ಪರವಾನಗಿ ಇಲ್ದವ್ರಿಗೆ ಕೊಡಬಾರದು, ಅಷ್ಟೇ. ಇದ್ದವ್ರಿಗೆಲ್ಲ ಕೊಡ್ಲೇಬೇಕು ಅಂತ ಯಾವ ಕಾನೂನಲ್ಲಿದೆ? ಅನುಮಾನ ಬಂದ್ರೆ ಯಾರನ್ನ ಬೇಕಾದ್ರೂ ವಾಪಸ್ ಕಳಿಸಬಹುದು.” ಕಾನೂನಪ್ಪ ತಲೆ ಕೆರೆದುಕೊಂಡು, ಹಾಗಿದ್ದರೆ ಹಾಗೇ ಬರೆಯಬೇಕಿತ್ತು ಅಂದರು. ಮಧ್ಯಾಹ್ನವೇ ಏಣಿ ಹಾಕಿಸಿ ‘ಬೇಕು’ ಮೇಲೆ ಟೇಪು ಅಂಟಿಸಿ ‘ಬಹುದು’ ಎಂದು ತಾವೇ ಬರೆದರು. ಮೂರಕ್ಷರ ಬರೆದು ಇಳಿದು ಬಂದು ಕೈ ತೊಳೆದುಕೊಂಡರು.

ಕೊಟ್ಟಾಗಿರುವ ಪೆಟ್ಟಿಗೆಯ ಗತಿಯೇನು ಎಂದು ಆ ಅಧಿಕಾರಿಯ ಹಿಂದೆ ಅವರ ಗಾಡಿಯವರೆಗೂ ಓಡಿದೆ. ಯಾರನ್ನಾದರೂ ಕಳಿಸಿ, ತೆಗೆದುಕೊಂಡು ಬನ್ನಿ ಅಂದೆ. ಪರವಾನಗಿ ಸರಿಯಿದೆ, ನಿಮ್ಮ ಮೇಲೆ ದೂರಿಲ್ಲ, ಗಂಡ ಹೆಂಡಿರ ನಡುವೆ ತಾವು ಬರುವ ಹಾಗಿಲ್ಲ ಎಂದು ಸಮಾಧಾನವಾಗಿಯೇ ಹೇಳಿದರು. ಠಾಣೆಗೂ ಹೋದೆ. ನಿಮ್ಮ ಗಂಡ ಏನಾದರೂ ಮಾಡಿದ್ದಾರಾ ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. ಹಾಗಾದರೆ ಮನೆಗೆ ಹೋಗಿ ಅಂದರು. ಎಲ್ಲರೂ ಒಳ್ಳೆಯವರೇ ಕಣ್ರೀ. ಕುರ್ಚಿ ಕೊಟ್ಟು ಕೂರಿಸಿದರು, ನೀರು ಕೊಟ್ಟರು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಿಡಿಸಿಯೇ ಬರೆಯುತ್ತೇನೆ, ಮುಚ್ಚುಮರೆ ಸಾಕು. ನೀವು ಜೀವ ಕಳೆದುಕೊಳ್ಳುತ್ತೀರಿ ಎಂದು ನನಗೆ ಭಯ. ಗೋಡೆಯ ಜೊತೆ ಸಂಸಾರ ಮಾಡಿ ಸಾಕಾಯಿತು ಎಂದು ಮನೆ ಬಿಟ್ಟ ದಿನ ಬಾಯಿಗೆ ಬಂದಂತೆ ಅಂದು ಬಟ್ಟೆಯ ಪೆಟ್ಟಿಗೆ ಕಟ್ಟಿದೆ. ಬೇರೆ ಯಾವ ಮಾತೂ ಕೇಳಿಸದ ನಿಮ್ಮ ಕಿವಿಗೆ ಅದೊಂದು ಸ್ಪಷ್ಟವಾಗಿ ಕೇಳಿಸಿತಲ್ಲ, ನನ್ನ ಕರ್ಮ. ನನಗೆ ಬೇಕಾಗಿದ್ದು ನಿಮ್ಮ ಕಿವಿಯಲ್ಲ. ಸಂಜೆ ಎದುರು ಕೂತು ಏನಾದರೂ ಹೇಳಲಿ, ಸಾರಿಗೆ ಉಪ್ಪು ಕಡಿಮೆ ಎಂದಾದರೂ ಅನ್ನಲಿ ಎಂದು ಆಸೆ, ಅಷ್ಟೇ.

ಇನ್ನೊಂದು ಪ್ರಶ್ನೆ ನನ್ನನ್ನು ತಿನ್ನುತ್ತಿದೆ. ನಾನು ಬೆಳಗಿನ ಹೊತ್ತು ಆ ಕೌಂಟರಿನಲ್ಲಿರುತ್ತೇನೆ ಎಂದು ನಿಮಗೆ ಗೊತ್ತು. ಸಂಜೆ ಬಂದಿದ್ದರೆ ಬೇರೆಯವರು ಇರುತ್ತಿದ್ದರು. ನನ್ನ ಎದುರಿಗೇ ಯಾಕೆ ಬಂದು ನಿಂತಿರಿ? ನಾನು ತಡೆಯಲಿ ಎಂದೇ ಬಂದಿರಾ? ಹಾಗಿದ್ದರೆ, ನೋಡಿ, ತಡೆಯಲು ನನ್ನ ಕೈಲಾಗಲಿಲ್ಲ. ಒಂದು ಬೋರ್ಡಿನ ಎದುರು ನಾನು ಸೋತೆ.

ಬಂದೂಕನ್ನು ನಿಮ್ಮ ಅಕ್ಕನ ಕೈಗೆ ಕೊಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗೋಣ. ಕಿವಿಗೂ ತೋರಿಸೋಣ, ಮನಸ್ಸಿಗೂ ತೋರಿಸೋಣ. ಅಲ್ಲಿ ನೀವು ಮಾತಾಡದಿದ್ದರೂ ಪರವಾಗಿಲ್ಲ, ಇಬ್ಬರ ಮಾತೂ ನಾನೇ ಆಡುತ್ತೇನೆ, ನನಗೇನು ಹೊಸದೇ?

ನಿಮ್ಮ ಮೇಲಿನ ಸಿಟ್ಟು ಇನ್ನೂ ಇಳಿಯದ,
ನಿಮ್ಮವಳೇ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದು ಒದ್ದಾಡಿ ಬರೆಯುತ್ತಿದ್ದೇನೆ. ಸೋಮವಾರ ನಾನು ಕೊಟ್ಟ ತೋಟಾ ನಿಮ್ಮ ಬಂದೂಕಿನ ಅಳತೆಯದಲ್ಲ. ಒಂದು ಅಳತೆ ದೊಡ್ಡದು, ನಳಿಗೆಯೊಳಗೆ ಹೋಗುವುದಿಲ್ಲ. ಬೇಕೆಂದೇ ಕೊಟ್ಟೆ. ಆದರೆ ಅಳತೆ ತಪ್ಪಿದ್ದನ್ನು ಅಂಗಡಿಯಲ್ಲಿ ಬದಲಾಯಿಸಿ ಕೊಡುತ್ತಾರೆ. ಬದಲಾಯಿಸುವುದು ಮಾರಾಟವಲ್ಲವಂತೆ, ಅದಕ್ಕೆ ಹೊಸ ಬೋರ್ಡೂ ಅನ್ವಯಿಸುವುದಿಲ್ಲವಂತೆ, ನಿನ್ನೆ ಸಂಜೆ ಕಾನೂನಪ್ಪ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. ನಾನಿಲ್ಲದ ಹೊತ್ತಿನಲ್ಲಿ ನೀವು ಹೋದರೆ ಮುಗಿಯಿತು. ಆದ್ದರಿಂದ ಕೇಳಿಕೊಳ್ಳುತ್ತೇನೆ, ಬದಲಾಯಿಸಲು ಹೋಗಬೇಡಿ. ಈ ಸಾಲು ಓದುವ ಮೊದಲೇ ಅದು ನಳಿಗೆಗೆ ಹಿಡಿಸುವುದಿಲ್ಲ ಎಂದು ನಿಮಗೆ ಗೊತ್ತಾಗಿದ್ದರೆ, ಹೇಗೆ ಗೊತ್ತಾಯಿತು ಎಂದು ನಾನು ಯಾವತ್ತೂ ಕೇಳುವುದಿಲ್ಲ. ಇವತ್ತು ಚೀಲ ತಂದಿಟ್ಟದ್ದು ಅಕ್ಕ ಅಲ್ಲ. ನಾನು ಮೆಟ್ಟಿಲಿಳಿದು ಹೋಗಿಲ್ಲ, ಮರೆಯಲ್ಲಿದ್ದು, ಚೀಲ ಒಳಗೆ ಹೋದ ಮೇಲೆ ಬಂದು ಬಾಗಿಲಿಗೆ ಒರಗಿಕೊಂಡು ಕೂತಿದ್ದೇನೆ. ತೆಗೆಯುವಾಗ ಮೆಲ್ಲಗೆ ತೆಗೆಯಿರಿ.