ಮಾವ ಒತ್ತಬೇಡ ಎಂದ ಗುಂಡಿ

ಬ್ಲೇಬೆರಿ ಕಣಿವೆ,
ಫೆಬ್ರುವರಿ ೧೯, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿ ಈಗ ಹೇಗಿದೆ? ಊರುಗೋಲು ಬಿಟ್ಟು ಅಡುಗೆಮನೆಯವರೆಗೆ ನಡೆಯುತ್ತಿದ್ದೀರಿ ಎಂದು ಬ್ರಿಟ್ ಅತ್ತಿಗೆ ಬರೆದಿದ್ದರು. ಓದಿ ಸಂತೋಷವಾಯಿತು, ಜೊತೆಗೇ ಸ್ವಲ್ಪ ಭಯವೂ ಆಯಿತು. ಅಡುಗೆಮನೆಗೆ ಹೋದವರು ಅಲ್ಲಿ ಸುಮ್ಮನೆ ಕೂರುವವರಲ್ಲ ನೀವು. ಆಪರೇಷನ್ ಆದ ಕಾಲಿನಲ್ಲಿ ನಿಂತು ಮಗಳ ಮನೆಯ ಪಾತ್ರೆಗಳನ್ನೆಲ್ಲ ಮತ್ತೆ ಉಜ್ಜಬೇಡಿ. ಬಯಲುಸೀಮೆಯ ಸಸ್ಕಟೂನಿನ ಚಳಿ ನಮ್ಮ ಕಣಿವೆಯ ಚಳಿಯ ಹಾಗಲ್ಲ, ಗಾಳಿ ಬೀಸಿದರೆ ಮೂಳೆಗೇ ಇಳಿಯುತ್ತದೆ. ಅಲ್ಲಿ ಹುಟ್ಟಿ ಬೆಳೆದವಳು ನಾನು, ನನಗೆ ಗೊತ್ತು. ಉಣ್ಣೆಯ ಕಾಲುಚೀಲ ಹಾಕಿಕೊಳ್ಳದೆ ಹೊರಗೆ ಕಾಲಿಡಬೇಡಿ.

ಮೊನ್ನೆ ನೀಲ್ಸ್ ಫೋನು ಮಾಡಿ ನಿಮಗೆ ವಿಷಯ ಹೇಳಿದರು. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ನಿಮ್ಮ ಮಗ ಹೇಳುವುದೂ ಅರ್ಧವೇ. 'ಅಪ್ಪನ ಕಾಲು ಮುರಿದಿದೆ, ಗಾಬರಿ ಬೇಡ' ಎಂದು ಹೇಳಿ ಇಟ್ಟುಬಿಟ್ಟರಂತೆ. ಗಾಬರಿ ಬೇಡ ಎಂದರೆ ಯಾರಿಗೆ ಗಾಬರಿಯಾಗುವುದಿಲ್ಲ? ಅದಕ್ಕೇ ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ಮಾವ ಆರಾಮಾಗಿದ್ದಾರೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಗಂಜಿಯನ್ನು 'ಇದು ಗೋಡೆಗೆ ಬಳಿಯೋಕೆ ಮಾಡಿದ್ದು' ಎಂದು ಬೈದು ತಟ್ಟೆ ಖಾಲಿ ಮಾಡಿದರಂತೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಮಂಗಳವಾರ ನಾನೂ ಮಾವನೂ ಒಂದೊಂದು ಸ್ನೋಮೊಬೈಲ್ ಗಾಡಿ ತೆಗೆದುಕೊಂಡು ಬೆಟ್ಟದ ಮೇಲಿನ ನಮ್ಮ ಗುಡಿಸಲಿಗೆ ಹೋಗಿದ್ದೆವು. ವಾರವಿಡೀ ಹಿಮ ಸುರಿದು ಗುಡಿಸಲಿನ ಸೂರು ಕುಸಿಯುವ ಹಾಗಿದೆ, ಕೆರೆದು ಬರಬೇಕು ಎಂದು ಅವರದೇ ಹಟ. ನೀಲ್ಸ್ ರೈಲ್ವೆ ಕೆಲಸದ ಮೇಲೆ ಊರಲ್ಲಿರಲಿಲ್ಲ. ಒಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ಹೊರಡುವಾಗ ನಾನು, ಫೋನು ಸಿಗದ ಕಡೆಯಿಂದಲೂ ಸಹಾಯಕ್ಕೆ ಕರೆಯುವ ಉಪಗ್ರಹದ ಡಬ್ಬಿಯನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡದ್ದು ನೋಡಿ ಎಂದಿನ ಹಾಗೆ ರೇಗಿಸಿದರು. 'ಬಯಲುಸೀಮೆಯವಳು ತಾಯತ ಕಟ್ಕೊಂಡ್ಲು ನೋಡಿ!' ಎಂದರು. ಅವರಿಗೂ ಅಂಥದ್ದೊಂದನ್ನು ನೀವು ಕ್ರಿಸ್‌ಮಸ್ಸಿಗೇ ಕೊಡಿಸಿದ್ದಿರಲ್ಲ, ಅದು ಎಲ್ಲಿ ಎಂದು ಕೇಳಿದೆ. 'ಗಾಡಿ ಚೀಲದಲ್ಲಿದೆ, ಭದ್ರವಾಗಿ' ಎಂದರು. ಗಾಡಿಯ ಮೇಲಲ್ಲ, ಮೈಮೇಲೆ ಇರಬೇಕು ಮಾವ ಎಂದೆ. ಅಷ್ಟರಲ್ಲಿ ಎಂಜಿನ್ನಿನ ಹಗ್ಗ ಎಳೆದಿದ್ದರು. ಬೇಕಾದ ಮಾತು ಬಿಟ್ಟು ಬೇರೆಲ್ಲ ಕೇಳಿಸುತ್ತದೆ ಅವರಿಗೆ.

ಸೂರು ಕೆರೆದದ್ದಾಯಿತು, ಫ್ಲಾಸ್ಕಿನ ಕಾಫಿ ಕುಡಿದದ್ದಾಯಿತು. ಇಳಿಯುವಾಗ ಮೋಡ ಕವಿದು ಹಿಮವೂ ಆಕಾಶವೂ ಒಂದೇ ಬಣ್ಣವಾಗಿತ್ತು. ಮಾವ ಮುಂದೆ, ನಾನು ಹಿಂದೆ. ತೊರೆಯ ಮೇಲಿನ ತಿರುವಿನಲ್ಲಿ ಅವರ ಗಾಡಿ ತಿರುಗದೆ ನೇರ ಹೋಗಿ ಕಣ್ಮರೆಯಾಯಿತು. ಬೆಳಕು ಮಂಕಾಗಿ ದಾರಿ ಕಾಣಲಿಲ್ಲವೇನೋ ಎಂದುಕೊಂಡೆ. ಅಂಚಿಗೆ ಬಂದು ಬಗ್ಗಿ ನೋಡಿದರೆ ಕೆಳಗೆ ಕಮರಿಯಲ್ಲಿ ಹಿಮದ ಹೊದಿಕೆ ಒಡೆದು ಗಾಡಿ ತಲೆಕೆಳಗಾಗಿ ನೀರಿನಲ್ಲಿ ಹೂತಿತ್ತು. ಮಾವ ಸೊಂಟದವರೆಗೆ ತೊರೆಯಲ್ಲಿ, ಒಂದು ಕೈಯಲ್ಲಿ ಬೇರು ಹಿಡಿದುಕೊಂಡಿದ್ದರು. ನಾನು ಹೇಗೆ ಇಳಿದೆನೋ ದೇವರಿಗೇ ಗೊತ್ತು. ಕಂಕುಳಿಗೆ ಕೈ ಹಾಕಿ ಎಳೆದಾಗ ಅವರು ಒಮ್ಮೆ ಕೂಗಿದರು. ಮಾವ ಕೂಗಿದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆ ತಿರುಗಿತ್ತು.

ಒಂದು ಫರ್ ಮರದ ಬುಡಕ್ಕೆ ಎಳೆದು ಕೂರಿಸಿ ಒದ್ದೆ ಪ್ಯಾಂಟನ್ನು ಚಾಕುವಿನಿಂದ ಸೀಳಿದೆ. ಆ ಸ್ಥಿತಿಯಲ್ಲೂ 'ಸೊಸೆ ಕೈಲಿ ಪ್ಯಾಂಟು ಬಿಚ್ಚಿಸ್ಕೊಳ್ಳೋ ಕಾಲ ಬಂತಲ್ಲಪ್ಪಾ' ಎಂದು ಗೊಣಗಿದರು. ನನ್ನ ಮೇಲಂಗಿ, ಬೆನ್ನಚೀಲದಲ್ಲಿದ್ದ ಒಣ ಕಾಲುಚೀಲ, ಮೈಶಾಖ ಹಿಡಿದಿಡುವ ಬೆಳ್ಳಿ ಬಣ್ಣದ ಹೊದಿಕೆ ಎಲ್ಲವನ್ನೂ ಅವರಿಗೆ ಸುತ್ತಿದೆ. ನನ್ನ ಗಾಡಿಯೇನೋ ಮೇಲಿತ್ತು. ಆದರೆ ಆ ಕಾಲಿನಲ್ಲಿ ಅವರನ್ನು ಹತ್ತಿಸಿ ಕೂರಿಸುವುದು ಆಗದ ಮಾತು. ನಾನೊಬ್ಬಳೇ ಊರಿಗೆ ಇಳಿದು ಜನರನ್ನು ಕರೆತರುವಷ್ಟರಲ್ಲಿ ಚಳಿ ಅವರನ್ನು ಉಳಿಸುತ್ತಿರಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು.

'ಬೇಡ ಕೋರಾ. ಆ ಗುಂಡಿ ಒತ್ತಬೇಡ. ಈ ಬೆಟ್ಟದಿಂದ ಎಷ್ಟು ಜನರನ್ನ ನಾನು ಹೊತ್ತು ಇಳಿಸಿದೀನಿ! ಈಗ ನನ್ನನ್ನ ಮೂಟೆ ಕಟ್ಕೊಂಡು ಹೋಗೋದನ್ನ ಊರೆಲ್ಲ ನಿಂತು ನೋಡ್ಬೇಕಾ? ಸ್ವಲ್ಪ ಸುಧಾರಿಸ್ಕೊಂಡ್ರೆ ನಾನೇ ಹತ್ತುತೀನಿ' ಎಂದರು.

ಅತ್ತೆ, ಮದುವೆಯಾಗಿ ಬಂದಾಗಿನಿಂದ ನಾನು ಮಾವನಿಗೆ ಎದುರಾಡಿದವಳಲ್ಲ. ಅವತ್ತು ಎಲ್ಲಿಂದ ಬಂತೋ ದನಿ. 'ಊರು ನೋಡಿದ್ರೆ ನೋಡ್ಲಿ ಮಾವ! ನಿಮ್ಮ ಮರ್ಯಾದೆ ಉಳಿಸೋಕೆ ಹೋಗಿ ನಿಮ್ಮನ್ನೇ ಕಳ್ಕೊಂಡೆ ಅಂತ ಅತ್ತೆಗೆ ಕಾಗದ ಬರೀಲಾ? ಕೈ ಬಿಡಿ!' ಎಂದು ಕಿರುಚಿದೆ. ಕಮರಿಯೆಲ್ಲ ಮಾರ್ದನಿಸಿತು. ಅವರು ನನ್ನನ್ನೇ ನೋಡಿದರು, ಕೈ ಬಿಟ್ಟರು. ನಾನು ಗುಂಡಿ ಒತ್ತಿ ಹಿಡಿದೆ.

ಒತ್ತಿದ್ದೇನೋ ಆಯಿತು, ಸುದ್ದಿ ಹೋಗಬೇಕಲ್ಲ! ಕಮರಿಯ ಒಳಗೆ, ಮರದ ಕೆಳಗೆ, ಡಬ್ಬಿಯ ದೀಪ ಮಿನುಗುತ್ತಲೇ ಇತ್ತು, ಕರೆ ಹೋದ ಗುರುತಿಲ್ಲ. ಆಗ ಮಾವನೇ, ಹಲ್ಲು ಕಟಕಟ ಎನ್ನುತ್ತಿದ್ದರೂ, 'ಇಲ್ಲಿ ಕೂತ್ಕೊಂಡು ಅದರ ಮುಖ ನೋಡ್ತಿದ್ರೆ ಏನು ಬಂತು? ಆಕಾಶ ಕಾಣೋ ಕಡೆ ಹೋಗು, ಹೋಗು' ಎಂದು ಗದರಿದರು. ತೊಡೆಯವರೆಗೆ ಹೂತುಹೋಗುವ ಹಿಮದಲ್ಲಿ ಕೈಕಾಲು ನಾಲ್ಕನ್ನೂ ಊರಿ ಮೇಲಿನ ಬಯಲಿಗೆ ಹತ್ತಿದೆ. ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಯಾರೂ ಇಲ್ಲದ ಆ ಬಿಳುಪಿನಲ್ಲಿ ಒಂದು ಸಣ್ಣ ಸದ್ದಾಗಿ ಅಕ್ಷರಗಳು ಮೂಡಿದವು. ನಿಮ್ಮ ಕರೆ ತಲುಪಿದೆ, ಏನಾಗಿದೆ, ಎಷ್ಟು ಜನರಿದ್ದೀರಿ ಎಂದು ಕೇಳಿದ್ದರು. ಎಲ್ಲೋ ಯಾವುದೋ ಊರಿನಲ್ಲಿ ಬೆಚ್ಚಗೆ ಕುಳಿತ ಗುರುತಿಲ್ಲದವರೊಬ್ಬರು ನನ್ನನ್ನು ವಿಚಾರಿಸುತ್ತಿದ್ದಾರೆ ಎಂದಾಗ ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಉತ್ತರ ಒತ್ತಿದೆ. ಮೋಡ ಇಳಿದಿರುವುದರಿಂದ ಹೆಲಿಕಾಪ್ಟರ್ ಹಾರುವಂತಿಲ್ಲ, ನಮ್ಮೂರಿನ ರಕ್ಷಣಾ ತಂಡ ಗಾಡಿಗಳಲ್ಲಿ ಹೊರಟಿದೆ, ಗಾಯಾಳುವನ್ನು ಬೆಚ್ಚಗಿಡಿ, ನಿದ್ದೆ ಹೋಗಲು ಬಿಡಬೇಡಿ ಎಂದು ಬಂತು.

ಮರದ ಕೆಳಕೊಂಬೆಗಳ ಒಣ ಕಡ್ಡಿ ಮುರಿದು, ನನ್ನ ಗಾಡಿಯ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಬೆಂಕಿ ಹೊತ್ತಿಸಿದೆ. ಮಧ್ಯೆ ಮಧ್ಯೆ ಮೇಲಕ್ಕೆ ಹತ್ತಿ ಸಂದೇಶ ನೋಡಿ ಇಳಿಯುವುದು. ಹತ್ತಿ ಇಳಿದು ಅಲ್ಲೊಂದು ಕಾಲುದಾರಿಯೇ ಆಗಿಹೋಯಿತು. ಮಾವನ ಕಣ್ಣು ಎಳೆಯತೊಡಗಿದಾಗ ಮಾತಿಗೆಳೆದೆ. ಅತ್ತೆಯನ್ನು ಮೊದಲು ನೋಡಿದ್ದೆಲ್ಲಿ ಎಂದು ಕೇಳಿದೆ. ಊರ ಸಭಾಭವನದ ಕುಣಿತದಲ್ಲಿ ನಿಮ್ಮನ್ನು ಕರೆದರಂತೆ. 'ಮೊದಲು ಬೂಟು ಒರೆಸ್ಕೊಂಡು ಬಾ' ಅಂದಿರಂತೆ. ಒರೆಸಿಕೊಂಡು ಬರುವಷ್ಟರಲ್ಲಿ ನೀವು ಗರಗಸದ ಮಿಲ್ಲಿನ ಯಜಮಾನನ ಮಗನ ಜೊತೆ ಕುಣಿಯುತ್ತಿದ್ದಿರಂತೆ! ನಿಜವೇ ಅತ್ತೆ? ಇಷ್ಟು ವರ್ಷವಾದರೂ ಆ ಹುಡುಗನ ಮೇಲೆ ಮಾವನಿಗೆ ಸಿಟ್ಟು ಆರಿಲ್ಲ. ಆ ಸಿಟ್ಟಿಗೆ ನಾನು ಕೈಮುಗಿಯುತ್ತೇನೆ, ಅವತ್ತು ಅವರನ್ನು ಎಚ್ಚರವಾಗಿಟ್ಟದ್ದು ಅದೇ.

ಕತ್ತಲಾಗುವ ಮುನ್ನ ಕೆಳಗಿನ ಕಾಡಿನಿಂದ ಎಂಜಿನ್ನುಗಳ ಸದ್ದು ಕೇಳಿಸಿತು. ಆ ಸದ್ದಿಗಿಂತ ಇಂಪಾದದ್ದನ್ನು ನಾನು ಕೇಳಿಲ್ಲ. ಮುಂದಿದ್ದವಳು ಡಾರ್ಸಿ. ಬೇಕರಿಯ ಡಾರ್ಸಿ, ಮಾವನ ಕೈಕೆಳಗೇ ರಕ್ಷಣಾ ತಂಡದಲ್ಲಿ ಕಲಿತವಳು. ಕಾಲಿಗೆ ದಬ್ಬೆ ಕಟ್ಟಿ, ಹಿಮದ ಮೇಲೆ ಎಳೆಯುವ ತೊಟ್ಟಿಲಿನಂಥ ಸ್ಟ್ರೆಚರಿನಲ್ಲಿ ಮಲಗಿಸಿ ಹಗ್ಗ ಬಿಗಿದು, 'ಹಾಲ್ವರ್, ಇದು ನೀವೇ ಕಲಿಸಿದ ಗಂಟು. ತಪ್ಪಿದ್ರೆ ಈಗ್ಲೇ ಹೇಳಿ, ಆಮೇಲೆ ಊರ ತುಂಬ ಹೇಳ್ಕೊಂಡು ತಿರುಗಬೇಡಿ' ಎಂದಳು. ಮಾವ ಕತ್ತೆತ್ತಿ ಗಂಟುಗಳನ್ನೆಲ್ಲ ನೋಡಿ, 'ಎಡಗಡೇದು ಸಡಿಲ' ಎಂದರು. ಎಲ್ಲರೂ ನಕ್ಕರು. ಆದರೆ ಇಳಿಯುವ ದಾರಿಯುದ್ದಕ್ಕೂ ಅವಳ ಕೈಗವಸಿನ ತುದಿಯನ್ನು ಅವರು ಬಿಡಲಿಲ್ಲ. ಅದನ್ನು ಹಿಂದಿನಿಂದ ನಾನು ನೋಡಿದೆ.

ಊರೇನೂ ನಗಲಿಲ್ಲ ಅತ್ತೆ. ಮಾರನೆಯ ದಿನ ಮನೆಗೆ ಬಂದರೆ ಮೆಟ್ಟಿಲ ಮೇಲೆ ಎಲ್ಕ್ ಮಾಂಸದ ಸಾರು, ಲೆಫ್ಸೆ ರೊಟ್ಟಿ, ಯಾರೋ ಒಡೆದು ಜೋಡಿಸಿಟ್ಟ ಸೌದೆ. ಮಾವನ ಕಾಲಿಗೆ ಒಳಗೆ ಲೋಹದ ಪಟ್ಟಿ ಹಾಕಿ ತಿರುಪು ಬಿಗಿದಿದ್ದಾರೆ, ಬೇಸಿಗೆಗೆ ನಡೆಯುತ್ತಾರಂತೆ. ಬಂದ ಬಂದ ನರ್ಸುಗಳಿಗೆಲ್ಲ ಮಾವ ಈಗ ಪಾಠ ಹೇಳುತ್ತಿದ್ದಾರೆ: 'ನಂದು ಗಾಡಿ ಜೊತೆ ನೀರು ಪಾಲಾಯ್ತು. ನಮ್ಮ ಹುಡುಗಿ ಮೈಮೇಲೆ ಕಟ್ಕೊಂಡಿದ್ಲು, ನಾನು ಉಳ್ಕೊಂಡೆ. ಆ ಡಬ್ಬಿ ಮೈಮೇಲೇ ಇರ್ಬೇಕಮ್ಮ!' ನಾನೇ ಹೇಳಿದ್ದ ಮಾತು ಅದು. ಇರಲಿ, ಅವರ ಬಾಯಲ್ಲಿ ಚೆನ್ನಾಗಿಯೇ ಕೇಳುತ್ತದೆ.

ನೀಲ್ಸ್ ರಜೆ ಹಾಕಿ ಬಂದಿದ್ದಾರೆ, ಹಗಲು ಅವರು, ಸಂಜೆ ನಾನು ಆಸ್ಪತ್ರೆಯಲ್ಲಿರುತ್ತೇವೆ. ಬ್ರಿಟ್ ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ನೀವು ಮೈ ಕಾದುಕೊಳ್ಳಿ, ನಮ್ಮೆಲ್ಲರ ಮೇಲೂ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಕೋರಾ

ಮರೆತೆ — ಮರೆತೆ ಎಂದರೆ ಸುಳ್ಳಾಗುತ್ತದೆ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಮಾವ ಅವತ್ತು ದಾರಿ ತಪ್ಪಿದ್ದು ಬೆಳಕು ಮಂಕಾಗಿದ್ದಕ್ಕಲ್ಲ. ಗಾಡಿಯ ಮೇಲೆಯೇ ಅವರಿಗೆ ಎಚ್ಚರ ತಪ್ಪಿತ್ತು. ಅವರ ಹೃದಯ ಆಗಾಗ ಬಡಿಯುವುದನ್ನೇ ಮರೆಯುತ್ತಿತ್ತಂತೆ. ಕಾಲು ನೋಡಲು ಹೋದ ಡಾಕ್ಟರು ಅದನ್ನು ಕಂಡುಹಿಡಿದರು. ಶುಕ್ರವಾರ ಪೇಸ್‌ಮೇಕರ್ ಹಾಕಿದ್ದಾರೆ, ಚೆನ್ನಾಗಿ ನಡೆಯುತ್ತಿದೆ, ಇನ್ನು ಹೆದರಿಕೆಯಿಲ್ಲ ಎಂದು ಡಾಕ್ಟರೇ ನನ್ನ ಕೈ ಹಿಡಿದು ಹೇಳಿದರು. ನಿಮಗೆ ತಿಳಿಸಬಾರದೆಂದು ಮಾವ ನನ್ನಿಂದ ಆಣೆ ಕೇಳಿದರು. ನಾನು ಆಣೆ ಮಾಡಲಿಲ್ಲ, ತಲೆಯಾಡಿಸಿದೆ ಅಷ್ಟೆ. ಕಾರಿನಲ್ಲಿ ಕೂರಲು ಮಂಡಿ ಒಪ್ಪಿದರೆ ಬ್ರಿಟ್ ಅತ್ತಿಗೆಯ ಜೊತೆ ಬಂದುಬಿಡಿ ಅತ್ತೆ. ಸಂಜೆಯಾಯಿತೆಂದರೆ ಮಾವ ಬಾಗಿಲ ಕಡೆಯೇ ನೋಡುತ್ತಿರುತ್ತಾರೆ. ಯಾರನ್ನು ಎಂದು ಕೇಳಿದರೆ, 'ಕಾಫಿ ಬಂತಾ ಅಂತ ನೋಡ್ದೆ' ಎನ್ನುತ್ತಾರೆ.